ಪೋರ್ಚುಗಲ್‌ನ ವಸತಿ ಪದಗಳು: ಇಂಗ್ಲಿಷಿಗೆ ತರುವಾಗ ಕನ್ನಡಿಗರು ಗಮನಿಸಬೇಕಾದದ್ದು

ಓದಲು, ಕೆಲಸಕ್ಕೆ ಅಥವಾ ಪ್ರವಾಸಕ್ಕೆಂದು ಪೋರ್ಚುಗಲ್‌ಗೆ ಬರುವ ಕನ್ನಡಿಗರಿಗೆ ಮೊದಲ ರಾತ್ರಿಯೇ ಎದುರಾಗುವುದು ವಸತಿಗೆ ಸಂಬಂಧಿಸಿದ ಪದಗಳು. ಮೊಬೈಲು ಅವನ್ನು ಪದಕ್ಕೆ ಪದ ಎಂಬಂತೆ ಇಂಗ್ಲಿಷಿಗೆ ತಿರುಗಿಸಿ ಕೊಡುತ್ತದೆ. ಆ ಇಂಗ್ಲಿಷನ್ನು ನಂಬಿ ಹಣ ಕಟ್ಟಿದವರು ಆಮೇಲೆ ಪೇಚಾಡುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಇಲ್ಲಿ ತಂಗುಮನೆಯ ಹೆಸರಿನ ಹಿಂದೆ ಕಾನೂನು ಗೊತ್ತುಪಡಿಸಿದ ಒಂದು ವರ್ಗವಿರುತ್ತದೆ. ಆದ್ದರಿಂದ ಪದದ ಅರ್ಥವನ್ನು ಹುಡುಕುವ ಮೊದಲು ಆ ಮನೆ ಯಾವ ವರ್ಗಕ್ಕೆ ಸೇರಿದ್ದು ಎಂದು ತಿಳಿದುಕೊಳ್ಳುವುದೇ ಸರಿಯಾದ ಅನುವಾದದ ದಾರಿ.

ಈ ವರ್ಗಗಳು ಮುಖ್ಯವಾಗಿ ಎರಡು ಕಾನೂನುಗಳಿಂದ ಬಂದಿವೆ. 2008ರ ಕಾನೂನು ಹೋಟೆಲು, ರೆಸಾರ್ಟು, ಹಳ್ಳಿಮನೆ, ಕ್ಯಾಂಪಿಂಗ್ ಮೈದಾನ ಮುಂತಾದವನ್ನು ಪ್ರವಾಸೋದ್ಯಮ ಸಂಸ್ಥೆಗಳೆಂದು ವಿಂಗಡಿಸುತ್ತದೆ. 2014ರ ಇನ್ನೊಂದು ಕಾನೂನು ‘ಅಲೊಜಮೆಂತು ಲೊಕಾಲ್’ ಎಂಬ ವ್ಯವಸ್ಥೆಯನ್ನು ರೂಪಿಸಿತು. ಇದನ್ನು ‘ಲೋಕಲ್ ಅಕಾಮಡೇಶನ್’ ಎಂದು ಅನುವಾದಿಸುವುದು ರೂಢಿಯಾಗಿದೆಯಾದರೂ ಅದರಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಮನೆ, ಅಪಾರ್ಟ್‌ಮೆಂಟು ಅಥವಾ ಕೋಣೆಗಳನ್ನು ನೋಂದಣಿ ಮಾಡಿಸಿ ಪ್ರವಾಸಿಗರಿಗೆ ಅಲ್ಪಾವಧಿಗೆ ಕೊಡುವ ವ್ಯವಸ್ಥೆ ಇದಾದ್ದರಿಂದ ‘ರಿಜಿಸ್ಟರ್ಡ್ ಶಾರ್ಟ್ ಟರ್ಮ್ ರೆಂಟಲ್’ ಎಂದರೆ ವಿಷಯ ಸ್ಪಷ್ಟವಾಗುತ್ತದೆ. ಬಾಗಿಲ ಪಕ್ಕದಲ್ಲಿ ಸುಮಾರು 20 ಸೆಂಟಿಮೀಟರು ಅಗಲದ, ಪಾರದರ್ಶಕ ಅಕ್ರಿಲಿಕ್ಕಿನ ಚೌಕ ಫಲಕವೊಂದರ ಮೇಲೆ ಕಡುನೀಲಿ ಬಣ್ಣದಲ್ಲಿ ‘ಎಎಲ್’ ಎಂಬ ಎರಡೇ ಅಕ್ಷರಗಳಿದ್ದರೆ ಅದು ಇಂಥ ಮನೆ. ಇವುಗಳಿಗೆ ನಕ್ಷತ್ರದ ದರ್ಜೆ ಇರುವುದಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು, ಹಣ ಕಟ್ಟುವ ಮೊದಲು ಅದನ್ನು ನೋಡಿಕೊಳ್ಳಿ.

ಅತಿ ಹೆಚ್ಚು ತಪ್ಪಾಗುವುದು ‘ಪೊಜಾದ’ ಎಂಬ ಪದದಲ್ಲಿ. ನಿಘಂಟು ಇದಕ್ಕೆ ‘ಇನ್’ ಎನ್ನುತ್ತದೆ, ಬ್ರೆಜಿಲ್‌ನಲ್ಲಿ ಇದು ಸಣ್ಣ ವಸತಿಗೃಹವೇ ಹೌದು. ಪೋರ್ಚುಗಲ್‌ನಲ್ಲಿ ಮಾತ್ರ ಪೊಜಾದ ಎಂದರೆ ಬಹುಮಟ್ಟಿಗೆ ಕೋಟೆ, ಮಠ ಅಥವಾ ಅರಮನೆಯಂಥ ಐತಿಹಾಸಿಕ ಕಟ್ಟಡದಲ್ಲಿರುವ ಹೋಟೆಲು. 1942ರಲ್ಲಿ ಎಲ್ವಾಸ್‌ನಲ್ಲಿ ಸರ್ಕಾರವೇ ಆರಂಭಿಸಿದ ಪರಂಪರೆ ಇದು. ಒಬಿದುಶ್ ಊರಿನ ಕೋಟೆಯಲ್ಲೂ ಎವೊರದ ಹಳೆಯ ಮಠದಲ್ಲೂ ಈಗ ಪೊಜಾದಗಳಿವೆ. ಇದನ್ನು ಇಂಗ್ಲಿಷಿನಲ್ಲೂ ‘ಪೊಜಾದ’ ಎಂದೇ ಉಳಿಸಿ, ಒಮ್ಮೆ ‘ಹಿಸ್ಟಾರಿಕ್ ಹೋಟೆಲ್’ ಎಂದು ವಿವರಿಸುವುದು ಒಳ್ಳೆಯದು. ಆದರೆ ‘ಪೊಜಾದ ದ ಜುವೆಂತೂದ್’ ಎಂದಿದ್ದರೆ ಅದು ಯೂತ್ ಹಾಸ್ಟೆಲು. ಒಂದೇ ಪದದ ಎರಡು ಬಳಕೆಗಳ ನಡುವೆ ಬೆಲೆಯ ಅಂತರ ಬಹಳ.

‘ತುರಿಜ್ಮು ದ ಅಬಿತಸಾಂವ್’ ಎಂಬುದನ್ನು ಯಂತ್ರ ‘ಹೌಸಿಂಗ್ ಟೂರಿಸಂ’ ಮಾಡುತ್ತದೆ. ವಾಸ್ತವದಲ್ಲಿ ಅದು ಹಳೆಯ ಕಾಲದ ವಾಸ್ತುವನ್ನು ಉಳಿಸಿಕೊಂಡ ಸಿರಿವಂತ ಮನೆತನಗಳ ವಾಡೆಯಂಥ ಮನೆ, ಅತಿಥಿಗಳಿಗೆ ಹೆಚ್ಚೆಂದರೆ 15 ಕೋಣೆಗಳು. ‘ಮ್ಯಾನರ್ ಹೌಸ್ ಸ್ಟೇ’ ಎಂದರೆ ಸರಿಹೋಗುತ್ತದೆ. ‘ಕಾಜ ದ ಕಾಂಪು’ ಹಳ್ಳಿಮನೆ. ‘ಅಗ್ರೊತುರಿಜ್ಮು’ ಬೇಸಾಯ ನಡೆಯುತ್ತಿರುವ ತೋಟದ ಮನೆ.

ನಮ್ಮ ಕನ್ನಡದ ರೂಢಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ನಮಗೆ ಹೋಟೆಲ್ ಎಂದರೆ ತಿಂಡಿ, ಕಾಫಿ. ಇಲ್ಲಿ ಅದು ಕೋಣೆಗಳಿರುವ ಸಂಸ್ಥೆ ಮಾತ್ರ. ನಮಗೆ ಹಾಸ್ಟೆಲ್ ಎಂದರೆ ವಿದ್ಯಾರ್ಥಿ ನಿಲಯ. ಇಲ್ಲಿ ಅದು ಪ್ರಯಾಣಿಕರು ಸಾಲು ಮಂಚಗಳಲ್ಲಿ ಮಲಗುವ ಜಾಗ. ವಿದ್ಯಾರ್ಥಿ ನಿಲಯ ಬೇಕಿದ್ದವರು ‘ರೆಜಿದೆನ್ಸಿಯ ದ ಎಶ್ತುದಾಂತೆಶ್’ ಎಂದು ಕೇಳಬೇಕು.

ಕೋಣೆಯ ವಿಷಯದಲ್ಲಿ ನನ್ನ ಪರಿಚಯದ ಅಣ್ಣತಮ್ಮಂದಿರಿಬ್ಬರು ‘ಕ್ವಾರ್ತು ದ ಕಜಾಲ್’ ಎಂಬುದನ್ನು ‘ಡಬಲ್ ರೂಮ್’ ಎಂದು ಓದಿಕೊಂಡು ಕಾಯ್ದಿರಿಸಿದ್ದರು. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆದರೆ ಒಂದೇ ಮಂಚ, ಅದರ ಮೇಲೆ ಒಂದೇ ಹೊದಿಕೆ. ಕಜಾಲ್ ಎಂದರೆ ಜೋಡಿ, ದಂಪತಿ. ‘ರೂಮ್ ವಿತ್ ಒನ್ ಡಬಲ್ ಬೆಡ್’ ಎಂದೇ ಅನುವಾದಿಸಬೇಕು. ಎರಡು ಮಂಚ ಬೇಕಾದವರು ‘ದುವಾಸ್ ಕಾಮಶ್’ ಎಂದು ಖಚಿತಪಡಿಸಿಕೊಳ್ಳಿ. ಕ್ವಾರ್ತು ಎಂಬ ಪದಕ್ಕೆ ‘ನಾಲ್ಕನೆಯದು’ ಎಂಬ ಅರ್ಥವೂ ಇರುವುದರಿಂದ ‘ಕ್ವಾರ್ತು ಅಂದಾರ್’ ಎಂದರೆ ನಾಲ್ಕನೇ ಮಹಡಿ. ವಿಳಾಸದಲ್ಲಿ ಮಹಡಿಯ ಸಂಖ್ಯೆಯ ಮುಂದೆ ‘ಎಶ್ಕೇರ್ದು’ ಎಂದು ಸಂಕ್ಷಿಪ್ತವಾಗಿ ಬರೆದಿದ್ದರೆ ಎಡಗಡೆಯ ಮನೆ, ‘ದಿರೈತು’ ಎಂದಿದ್ದರೆ ಬಲಗಡೆಯದು. ಇದನ್ನು ಬಿಟ್ಟು ಅನುವಾದಿಸಿದರೆ ಅತಿಥಿ ಪಕ್ಕದವರ ಬಾಗಿಲು ತಟ್ಟುತ್ತಾನೆ.

ಅಪಾರ್ಟ್‌ಮೆಂಟಿನ ಅಳತೆ ನಮಗೆ ಸುಲಭ. ‘ಟಿ2’ ಎಂದರೆ ಎರಡು ಮಲಗುವ ಕೋಣೆ, ನಡುಮನೆ ಬೇರೆ. ಅಂದರೆ ನಮ್ಮ 2 ಬಿಎಚ್‌ಕೆ. ‘ಟಿ0’ ಎಂದರೆ ಸ್ಟುಡಿಯೊ. ಟಿ2 ಎಂಬುದನ್ನು ‘ಟೂ ರೂಮ್ ಫ್ಲ್ಯಾಟ್’ ಎಂದು ಬರೆದರೆ ಒಂದು ಕೋಣೆ ಕಡಿಮೆಯಾದಂತೆ ತೋರುತ್ತದೆ. ‘ಕಾಜ ದ ಬಾನ್ಯು’ ಪದಶಃ ಸ್ನಾನದ ಮನೆ. ನಮ್ಮ ಬಚ್ಚಲುಮನೆಯಂತೆಯೇ ಅದರಲ್ಲೂ ‘ಮನೆ’ ಇದೆ. ಇಂಗ್ಲಿಷಿನಲ್ಲಿ ಬಾತ್‌ರೂಮ್ ಸಾಕು. ಅದರ ಮುಂದೆ ‘ಪಾರ್ತಿಲ್ಯಾದ’ ಎಂದಿದ್ದರೆ ಇತರರೊಂದಿಗೆ ಹಂಚಿಕೊಳ್ಳಬೇಕು ಎಂದರ್ಥ. ಕೋಣೆಯೊಳಗೆ ‘ಶಾವ್’, ‘ತುವಾಲ್ಯ’, ‘ಅರ್ಮಾರಿಯು’ ಎಂಬವು ಕಿವಿಗೆ ಬಿದ್ದರೆ ಅಪರಿಚಿತವೆನಿಸಬೇಕಿಲ್ಲ: ನಮ್ಮ ಚಾವಿ, ತುವಾಲು, ಅಲಮಾರುಗಳ ಮೂಲ ಅವೇ.

ಊಟದ ವಿಷಯದಲ್ಲಿ ‘ಪೆಕೆನು ಅಲ್ಮೋಸು’ ಪದಶಃ ಸಣ್ಣ ಊಟವಾದರೂ ಅದು ಬೆಳಗಿನ ತಿಂಡಿ. ‘ಮೈಯ ಪೆನ್ಸಾಂವ್’ ಎಂಬುದು ‘ಹಾಫ್ ಪೆನ್ಶನ್’ ಅಲ್ಲ, ‘ಹಾಫ್ ಬೋರ್ಡ್’: ತಿಂಡಿ ಮತ್ತು ಒಂದು ಊಟ ಸೇರಿದ ದರ. ‘ತಾಶ ತುರಿಶ್ತಿಕ’ ಎಂಬುದು ಸೇವಾ ಶುಲ್ಕವಲ್ಲ, ನಗರಸಭೆಯ ತೆರಿಗೆ. ಲಿಸ್ಬನ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ಅದು ಒಬ್ಬರಿಗೆ ಒಂದು ರಾತ್ರಿಗೆ 4 ಯೂರೊ, ಗರಿಷ್ಠ 7 ರಾತ್ರಿಗಳಿಗೆ, 13 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇಲ್ಲ. ‘ಕೌಸಾಂವ್’ ಎಂದರೆ ಭದ್ರತಾ ಠೇವಣಿ. ‘ಲಿವ್ರು ದ ರೆಕ್ಲಮಸೊಯಿಂಶ್’ ಎಂಬುದು ದೂರು ಪುಸ್ತಕ. ಅತಿಥಿ ಕೇಳಿದರೆ ಅದನ್ನು ಕೊಡಲೇಬೇಕು. ಆದ್ದರಿಂದ ಅದನ್ನು ‘ವಿಸಿಟರ್ಸ್ ಬುಕ್’ ಎಂದು ಅನುವಾದಿಸಬಾರದು.

ತಿಂಗಳುಗಟ್ಟಲೆ ಇರಲು ಬಂದವರು ‘ಅರೆಂದಮೆಂತು’ ಎಂಬ ಪದವನ್ನು ನೆನಪಿಟ್ಟುಕೊಳ್ಳಬೇಕು. ಕಾನೂನಿನ ಭಾಷೆಯಲ್ಲಿ ಮನೆ, ಜಮೀನಿನಂಥ ಸ್ಥಿರಾಸ್ತಿಯ ಬಾಡಿಗೆ ಅರೆಂದಮೆಂತು, ಕಾರಿನಂಥ ಚರವಸ್ತುವಿನ ಬಾಡಿಗೆ ‘ಅಲುಗೇರ್’. ಇಂಗ್ಲಿಷಿನ ‘ರೆಂಟಲ್’ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಮನೆಯ ಕರಾರಿನ ತಲೆಬರಹದಲ್ಲಿ ಅರೆಂದಮೆಂತು ಎಂದಿದೆಯೇ, ಅಥವಾ ಪ್ರವಾಸಿಗರಿಗೆ ಕೊಡುವ ಅಲೊಜಮೆಂತಿನ ಕಾಗದವೇ ಎಂಬುದನ್ನು ಸಹಿ ಹಾಕುವ ಮೊದಲೇ ಓದಿ ನೋಡಿ.