ಕಲಮಿನ ಮೊನೆಯವರೆಗೆ ನನ್ನ ಕೈ

ಬೀದರಿನ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿರುವ ನಾನು ಬಿದರಿ ಕೆಲಸ ಕಲಿಯಲು ಕುಳಿತದ್ದು ನಲವತ್ತು ದಾಟಿದ ಮೇಲೆ. ಸತುವಿನ 16 ಭಾಗಕ್ಕೆ ತಾಮ್ರದ 1 ಭಾಗ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ಉಜ್ಜಿ ನಯಗೊಳಿಸಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಬರೆದ ಬಳ್ಳಿಯ ಗುಂಟ ಬೆಳ್ಳಿಯ ತಂತಿ ಕೂರುವಷ್ಟು ಆಳಕ್ಕೆ ಕಾಲುವೆ ತೋಡುವುದು ನನ್ನ ಪಾಲಿಗೆ ಬಂದ ಕೆಲಸ. ತೋಡುವ ಉಕ್ಕಿನ ಸಣ್ಣ ಉಳಿಗೆ ಇಲ್ಲಿ ಕಲಮು ಎನ್ನುತ್ತಾರೆ. ಅದು ಎಡಗೈಯಲ್ಲಿ, ಸುತ್ತಿಗೆ ಬಲಗೈಯಲ್ಲಿ.

ಮೊದಲ ತಿಂಗಳುಗಳಲ್ಲಿ ನನಗೆ ತಿಳಿಯುತ್ತಿದ್ದುದು ಬೆರಳಿಗೆ ಒತ್ತುವ ಉಕ್ಕು ಮಾತ್ರ. ಕಾಲುವೆ ಎಲ್ಲಿ ಆಳವಾಯಿತು, ಎಲ್ಲಿ ತೇಲಿತು ಎಂಬುದನ್ನು ಕಣ್ಣಿನಿಂದಲೇ ನೋಡಿ ಅರಿಯಬೇಕಾಗಿತ್ತು. ನನಗೆ ಕಲಿಸುತ್ತಿದ್ದ ಉಸ್ತಾದರು ಪದೇ ಪದೇ ಹೇಳುತ್ತಿದ್ದುದು ಒಂದೇ ಮಾತು: "ಬೆರಳಿನ ಕಡಿ ನೋಡಬ್ಯಾಡ್ರಿ ಟೀಚರ್, ಮೊನಿ ಮ್ಯಾಲ ಖಬರ ಇರಲಿ." ಅದನ್ನು ಕೇವಲ ಏಕಾಗ್ರತೆಯ ಪಾಠವೆಂದು ನಾನು ಭಾವಿಸಿದ್ದೆ. ಎರಡನೆಯ ವರ್ಷದಲ್ಲಿ ಒಂದು ದಿನ ಕಲಮಿನ ಮೊನೆ ಚಟ್ಟನೆ ಮುರಿದಾಗ, ಉಗುರು ಕಿತ್ತವಳಂತೆ ಕೈಯನ್ನು ಎದೆಗೆ ಅವಚಿಕೊಂಡೆ. ಬೆರಳಿಗೆ ಏನೂ ಆಗಿರಲಿಲ್ಲ, ನೋವೂ ಇರಲಿಲ್ಲ. ಆದರೆ ಮುರಿದದ್ದು ನನ್ನದೇ ಒಂದು ಭಾಗವೆಂದು ದೇಹ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಅಂದಿನಿಂದ ಈ ವಿಷಯವನ್ನು ಓದಲಾರಂಭಿಸಿದೆ. ನಮ್ಮ ಅಂಗಾಂಗಗಳು ಎಲ್ಲಿವೆ ಎಂಬುದರ ನಕ್ಷೆಯೊಂದನ್ನು ಮಿದುಳು ಸದಾ ತಿದ್ದುತ್ತಿರುತ್ತದೆ ಎಂದು ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಎಂಬ ವೈದ್ಯರು 1911ರಲ್ಲಿಯೇ ಬರೆದಿದ್ದರು. ಹೆಂಗಸೊಬ್ಬಳ ಟೊಪ್ಪಿಗೆಯ ಗರಿಯವರೆಗೂ ಆ ನಕ್ಷೆ ಚಾಚಬಲ್ಲದು ಎಂಬುದು ಅವರು ಕೊಟ್ಟ ಉದಾಹರಣೆ. 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು, ಗೋರುಗೋಲಿನಿಂದ ಆಹಾರ ಎಳೆದುಕೊಳ್ಳಲು ಕಲಿತ ಕೋತಿಗಳ ಮಿದುಳಿನಲ್ಲಿ, ಕೈಯ ಸುತ್ತಲಿನ ಜಾಗಕ್ಕೆ ಸ್ಪಂದಿಸುವ ನರಕೋಶಗಳು ಕೋಲಿನ ಉದ್ದಕ್ಕೂ ಸ್ಪಂದಿಸತೊಡಗಿದ್ದನ್ನು ಕಂಡರು. ಕೋಲಿಗೆ ಏಟು ಬಿದ್ದ ಜಾಗವನ್ನು ಅದನ್ನು ಹಿಡಿದವರು ನೋಡದೆಯೇ ಗುರುತಿಸಬಲ್ಲರು ಎಂಬುದನ್ನು 2018ರ ಅಧ್ಯಯನವೊಂದು ತೋರಿಸಿತು. ಇದನ್ನು ನಾನು ಮನೆಯಲ್ಲಿಯೇ ಮಾಡಿ ನೋಡಿದೆ. ಕಣ್ಣುಮುಚ್ಚಿ ಬಿದಿರು ಕೋಲೊಂದನ್ನು ಹಿಡಿದೆ. ಮಗಳು ಒಮ್ಮೆ ನಡುವೆ, ಒಮ್ಮೆ ತುದಿಗೆ, ಒಮ್ಮೆ ಮುಷ್ಟಿಯ ಹತ್ತಿರ ಮೆಲ್ಲಗೆ ತಟ್ಟಿದಳು. ಕಂಪನ ಬಂದು ಮುಟ್ಟುವುದು ಅಂಗೈಯ ಚರ್ಮಕ್ಕೇ ಆದರೂ ತಟ್ಟಿದ ಜಾಗ ಕೋಲಿನ ಮೇಲೆಯೇ ತೋಚುತ್ತಿತ್ತು. ಒಂದೊಂದು ಜಾಗದ ಏಟಿಗೆ ಕೋಲು ಒಂದೊಂದು ಬಗೆಯಲ್ಲಿ ನಡುಗುತ್ತದೆ, ಆ ವ್ಯತ್ಯಾಸವನ್ನು ಮಿದುಳು ಓದುತ್ತದೆ.

ಹೀಗೆ ಹಿಗ್ಗಿದ ಎಲ್ಲೆ ಕುಗ್ಗಲೂ ಬಲ್ಲದು ಎಂಬುದು ನನಗೆ ತಿಳಿದದ್ದು ಮೆಟ್ಟಿಲಿನಿಂದ ಬಿದ್ದು ಎಡ ಮಣಿಕಟ್ಟು ಮುರಿದಾಗ. ಆರು ವಾರ ಪ್ಲಾಸ್ಟರ್ ಇತ್ತು. ವಿಚಿತ್ರವೆಂದರೆ, ಕೊನೆಯ ವಾರಗಳಲ್ಲಿ ಯಾರಾದರೂ ಪ್ಲಾಸ್ಟರನ್ನು ತಟ್ಟಿದರೆ "ನನ್ನ ಕೈ ತಟ್ಟಿದರು" ಎಂದೇ ಅನಿಸುತ್ತಿತ್ತು. ಅದನ್ನು ಕತ್ತರಿಸಿ ತೆಗೆದ ದಿನ ಒಳಗಿನಿಂದ ಹೊರಬಂದ, ಸೊರಗಿ ಬಿಳಿಚಿಕೊಂಡ ಕೈಯೇ ಬೇರೆಯವರದೆಂದು ತೋರಿ, ಅದನ್ನು ಮುಟ್ಟಲು ಹಿಂಜರಿದೆ.

ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮಗಳಿಂದ ಮಣಿಕಟ್ಟಿನ ಬಿಗುವು ಸಡಿಲಿತು, ಹಿಡಿತವೂ ಬಂತು. ಕಲಮು ಮಾತ್ರ ಹಿಂದಿರುಗಲಿಲ್ಲ; ಹಿಡಿದರೆ ಮತ್ತೆ ಬೆರಳಿಗೆ ಒತ್ತುವ ಉಕ್ಕಾಗಿತ್ತು. ಆಗ ನಾನೇ ಒಂದು ಅಭ್ಯಾಸ ರೂಢಿಸಿಕೊಂಡೆ. ನಮ್ಮ ಮನೆಯ ಪಡಸಾಲೆಗೆ ಶಹಾಬಾದ್ ಕಲ್ಲಿನ ಹಾಸು, ಒಳಕೋಣೆಗೆ ನುಣುಪಾದ ಟೈಲ್ಸ್. ಬೆಳಿಗ್ಗೆ ಹತ್ತು ನಿಮಿಷ ಕಣ್ಣುಮುಚ್ಚಿ, ಚೂಪು ಮಾಡದ ಪೆನ್ಸಿಲನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು ಕಲ್ಲಿನ ಮೇಲೆ, ಟೈಲ್ಸ್ ಮೇಲೆ, ಕೌದಿಯ ಹೊಲಿಗೆಯ ಮೇಲೆ, ಮೊರದಲ್ಲಿ ಹರಡಿದ ಜೋಳದ ಮೇಲೆ ಎಳೆಯುತ್ತಿದ್ದೆ. ಗಟ್ಟಿಯಾಗಿ ಹಿಡಿದರೆ ಮೊನೆಯ ಕಂಪನ ಮುಷ್ಟಿಯಲ್ಲಿಯೇ ಸತ್ತುಹೋಗುತ್ತದೆ ಎಂಬುದು ಎರಡು ಮೂರು ದಿನಗಳಲ್ಲಿ ಗೊತ್ತಾಯಿತು. ಸಂಜೆ ಕನ್ನಡಿಯೊಂದನ್ನು ಎರಡೂ ಕೈಗಳ ನಡುವೆ, ಬಲಗೈಯತ್ತ ಮುಖಮಾಡಿ ನಿಲ್ಲಿಸಿ, ಅದರ ಹಿಂದೆ ಎಡಗೈಯನ್ನು ಮರೆಮಾಡಿ, ಬಲಗೈಯ ಪ್ರತಿಬಿಂಬವನ್ನೇ ಎಡಗೈಯೆಂದು ನೋಡುತ್ತ ಎರಡನ್ನೂ ಒಟ್ಟಿಗೆ ಆಡಿಸುತ್ತಿದ್ದೆ. ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲಿ ಕಾಡುವ ನೋವನ್ನು ತಗ್ಗಿಸಲು ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಬಳಸಿದ ಉಪಾಯವಿದು. ಕೈ ನನ್ನದೆಂಬ ಭಾವ ಮರಳಲು ಇದು ನೆರವಾಯಿತು. ಮೊನೆಯ ಅರಿವನ್ನು ತಂದದ್ದು ಕಲ್ಲು ಮತ್ತು ಪೆನ್ಸಿಲ್ ಎಂಬುದು ನನ್ನ ಅಭಿಪ್ರಾಯ.

ಸುಧಾರಣೆಯನ್ನು ನಾನು ಅಳೆದದ್ದು ಮನಸ್ಸಿನಲ್ಲಿ ಮೂಡುವ ವಾಕ್ಯದಿಂದ. ಮೊದಲ ದಿನಗಳಲ್ಲಿ ಮೂಡುತ್ತಿದ್ದುದು "ಪೆನ್ಸಿಲ್ ಒತ್ತುತ್ತಿದೆ" ಎಂದು. ಮೂರನೆಯ ವಾರದ ಒಂದು ಬೆಳಿಗ್ಗೆ ಮೂಡಿದ್ದು "ಕಲ್ಲು ಒರಟಾಗಿದೆ" ಎಂದು. ನಡುವಿನ ಪೆನ್ಸಿಲ್ ಅರಿವಿನಿಂದಲೇ ಸರಿದುಹೋಗಿ, ನಾನು ನೇರವಾಗಿ ಕಲ್ಲನ್ನೇ ಮುಟ್ಟುತ್ತಿದ್ದೆ. ಅದೇ ದಿನ ಕಲಮು ಹಿಡಿದೆ. ಎರಕದಲ್ಲಿ ಉಳಿದಿದ್ದ ಸೂಜಿಮೊನೆಯಷ್ಟು ಗುಳಿಯೊಂದು ಕಣ್ಣಿಗೆ ಬೀಳುವ ಮೊದಲೇ ಮೊನೆಗೆ ಸಿಕ್ಕಿತು.

ಆ ಹೂಜಿಗೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿ ತೆಗೆದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯಿತು. ಪ್ಲಾಸ್ಟರ್ ತೆಗೆದ ಹೊಸತರಲ್ಲಿ ಆತುರಪಟ್ಟು ತೋಡಿದ್ದ ಎರಡು ಎಲೆಗಳ ಅಂಚು ಇಂದಿಗೂ ನಡುಗಿದಂತೆ ಕಾಣುತ್ತದೆ. ಉಸ್ತಾದರು ಅದನ್ನು ತಿದ್ದಲು ಬಿಡಲಿಲ್ಲ. ಡಿಸೆಂಬರಿನ ಚಳಿಯ ಬೆಳಗುಗಳಲ್ಲಿ ಕೈ ಸೆಟೆದು ಮೊನೆ ಮತ್ತೆ ದೂರ ಸರಿಯುವುದುಂಟು. ಅಂಥ ದಿನ ಪಡಸಾಲೆಯಲ್ಲಿ ಕುಳಿತು ಪೆನ್ಸಿಲ್ ಎಳೆಯುತ್ತೇನೆ, ಕಲ್ಲು ಸಿಕ್ಕಿದ ಮೇಲೆಯೇ ಕಲಮು ಕೈಗೆತ್ತಿಕೊಳ್ಳುತ್ತೇನೆ.