ಎಂಆರ್‌ಐ ಸುಮ್ಮನಿದ್ದಾಗ ಪೆಟ್ ಬಾಯಿಬಿಟ್ಟಿತು

“ಮೈಸೂರಲ್ಲಿ ಕೂತು ಮಿದುಳಿನ ಉರಿಯೂತಕ್ಕೆ ಪೆಟ್ ಮಾಡ್ತೀರಾ? ದುಡ್ಡು ದಂಡ” ಎಂದು ನಕ್ಕವರೇ ಈಗ ಕೇಸ್ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೆಟ್ ಅಂದರೆ ವಿಕಿರಣ ಸೂಸುವ ಔಷಧ ಚುಚ್ಚಿ, ಅದು ಮೈಯಲ್ಲಿ ಎಲ್ಲಿ ಸೇರಿತು ಎಂದು ನೋಡುವ ಸ್ಕ್ಯಾನ್. ಇಲ್ಲಿನ ಉರಿಯೂತ ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವುದು.

ನನ್ನ ಮೊದಲ ಶತ್ರು ರಸ್ತೆ. ನಾವು ಚುಚ್ಚುವ ಎಫ್‌ಡಿಜಿ, ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಕಟ್ಟಿದ ಸಕ್ಕರೆ, ಬರುವುದು ಬೆಂಗಳೂರಿನಿಂದ. ಸಕ್ಕರೆ ಹೆಚ್ಚು ಸುಡುವ ಜಾಗ ಚಿತ್ರದಲ್ಲಿ ಕೆಂಪಗೆ ಕಾಣುತ್ತದೆ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಎಕ್ಸ್‌ಪ್ರೆಸ್‌ವೇ ಇಲ್ಲದ ಕಾಲದಲ್ಲಿ ಮೂರು ಗಂಟೆ ಹಿಡಿದರೆ ಉಳಿಯುತ್ತಿದ್ದದ್ದು ಮೂರನೇ ಒಂದು ಪಾಲು. ಡ್ರೈವರ್ ಮದ್ದೂರಿನಲ್ಲಿ ವಡೆಗೆ ನಿಂತರೂ ನನಗೆ ಮಿಲಿಕ್ಯೂರಿಯಲ್ಲಿ (ವಿಕಿರಣದ ಅಳತೆ) ನಷ್ಟ! ಬಿಲ್ ಮಾತ್ರ ಪೂರ್ತಿ. ಆಮೇಲೆ ಕ್ಯಾನ್ಸರ್ ಕೇಸ್‌ಗಳಿರುವ ದಿನವೇ ಈ ಮಿದುಳಿನ ಕೇಸ್‌ಗಳನ್ನೂ ಹಾಕಿದೆ. ಮಿದುಳಿಗೆ ಬೇಕಾದದ್ದು ಸುಮಾರು 5 ಮಿಲಿಕ್ಯೂರಿ, ಹದಿನೈದು ನಿಮಿಷ ಅಷ್ಟೇ ಅಲ್ವಾ?

ಮೊದಲ ವರ್ಷ ಏಳೆಂಟು ಕೇಸ್, ಅರ್ಧ ಹಾಳು. ಒಬ್ಬರಿಗೆ ಆಗಲೇ ಸ್ಟೀರಾಯ್ಡ್ ಶುರುವಾಗಿತ್ತು, ಶುಗರ್ 260, ಚಿತ್ರವೆಲ್ಲ ಮಂಕು. ಇನ್ನೊಬ್ಬ ಹುಡುಗಿಗೆ ಇಂಜೆಕ್ಷನ್ ಆದಮೇಲೆ ಕಾಯುವ ಕೋಣೆಯಲ್ಲಿ ಫಿಟ್ಸ್ ಬಂದಿದೆ. ನರ್ಸ್ ಹೇಳಲಿಲ್ಲ, ನಾನು ಕೇಳಲಿಲ್ಲ. ಟೆಂಪೊರಲ್ ಲೋಬ್ (ಕಿವಿಯ ಪಕ್ಕದ ಮಿದುಳಿನ ಭಾಗ) ಕೆಂಪಗೆ ಉರಿಯುತ್ತಿತ್ತು, ಉರಿಯೂತ ಅಂತ ಬರೆದುಬಿಟ್ಟೆ. ಅದು ಫಿಟ್ಸಿನ ಬಿಸಿಯೂ ಆಗಿರಬಹುದಿತ್ತು. ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಇಲ್ಲದೆ ಹೇಳುವುದು ಹೇಗೆ? ಮೀಟಿಂಗಿನಲ್ಲಿ ಚೆನ್ನಾಗಿ ಉಗಿಸಿಕೊಂಡೆ. ಅವತ್ತಿನಿಂದ ಇಇಜಿ ವೈರ್ ತಲೆಗೆ ಹಚ್ಚಿಯೇ ಎಫ್‌ಡಿಜಿ ಕೊಡುವುದು. ಸ್ಟೀರಾಯ್ಡ್‌ಗೆ ಮುಂಚೆ ಸ್ಕ್ಯಾನ್, ಆದರೆ ಸ್ಕ್ಯಾನಿಗಾಗಿ ಚಿಕಿತ್ಸೆ ನಿಲ್ಲಿಸಬೇಡಿ.

ಕಣ್ಣಿನದು ಬೇರೆ ಕಥೆ. ಎನ್‌ಎಂಡಿಎ ಅನ್ನುವ ಬಗೆಯ ಉರಿಯೂತದ ಕೇಸ್‌ಗಳಲ್ಲಿ ಆಕ್ಸಿಪಿಟಲ್ ಭಾಗ, ಅಂದರೆ ದೃಷ್ಟಿ ನೋಡಿಕೊಳ್ಳುವ ಮಿದುಳಿನ ಹಿಂಭಾಗ, ತಣ್ಣಗಿರುವುದೇ ಗುರುತು. ಒಬ್ಬರು ಕಣ್ಣು ಮುಚ್ಚಿ, ಇನ್ನೊಬ್ಬರು ಮೊಬೈಲ್ ನೋಡುತ್ತಾ ಮಲಗಿದರೆ ಹೋಲಿಸುವುದು ಯಾವುದನ್ನು? ಈಗ ಎಲ್ಲರಿಗೂ ಮಬ್ಬು ಬೆಳಕು, ತೆರೆದ ಕಣ್ಣು, ಮಾತಿಲ್ಲ. ಹೋಲಿಸಲು ಮಿದುಳಿಗೆ ಏನೂ ಆಗದ ಕ್ಯಾನ್ಸರ್ ರೋಗಿಗಳದ್ದೇ ನಲವತ್ತು ಚಿಲ್ಲರೆ ಸ್ಕ್ಯಾನ್ ವಯಸ್ಸಿನ ಪ್ರಕಾರ ಜೋಡಿಸಿಟ್ಟಿದ್ದೇನೆ. ಅವರಿಗೂ ಕೋಣೆಯಲ್ಲಿ ಇದೇ ನಿಯಮ. ಬಣ್ಣದ ಸ್ಕೇಲ್ ಎಲ್ಲಿಗೆ ನಿಲ್ಲಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬನ್ನಿ ತೋರಿಸುತ್ತೇನೆ.

ನಕ್ಕವರ ಬಾಯಿ ಮುಚ್ಚಿಸಿದ ಕೇಸ್ ಮಂಡ್ಯ ಕಡೆಯ, ಅರವತ್ತು ದಾಟಿದ ರೈತರದು. ಮರೆವು, ಸೋಡಿಯಂ ಕಮ್ಮಿ, ದಿನಕ್ಕೆ ಹತ್ತಾರು ಸಲ ಮುಖ-ಕೈ ಒಂದೇ ಕಡೆ ಚಕ್ಕನೆ ಎಳೆತ. ಎಂಆರ್‌ಐ ಕ್ಲೀನ್. ಊರಲ್ಲಿ ಗಾಳಿ ಸೋಕಿದೆ ಅಂದಿದ್ದರಂತೆ. “ಸಾರ್, ಇನ್ನೂ ಹದಿನೈದು ಸಾವಿರ ಖರ್ಚು ಮಾಡ್ಬೇಕಾ?” ಅಂದ ಮಗ. ಮಾಡಿದೆವು. ಮಿದುಳಿನ ಆಳದಲ್ಲಿ ಚಲನೆ ನೋಡಿಕೊಳ್ಳುವ ಬೇಸಲ್ ಗ್ಯಾಂಗ್ಲಿಯಾ ಎರಡೂ ಕಡೆ ನಿಗಿನಿಗಿ ಕೆಂಡ. ರಕ್ತದಲ್ಲಿ ಎಲ್‌ಜಿಐ1 ಅನ್ನುವ ಮಿದುಳಿನ ಪ್ರೋಟೀನಿನ ಮೇಲೆ ಬೀಳುವ ಆ್ಯಂಟಿಬಾಡಿ ಸಿಕ್ಕಿತು. ಸ್ಟೀರಾಯ್ಡ್ ಕೊಟ್ಟ ಮೇಲೆ ಎಳೆತ ನಿಂತಿತು.

ಎಫ್‌ಡಿಜಿ ತೋರಿಸುವುದು ಸಕ್ಕರೆಯ ಖರ್ಚು, ನೇರ ಉರಿಯೂತವನ್ನಲ್ಲ, ಗೊತ್ತು. ಕೆರಳಿದ ಮೈಕ್ರೋಗ್ಲಿಯಾ (ಮಿದುಳಿನ ಕಾವಲು ಕೋಶಗಳು) ಹಿಡಿಯುವ ಟಿಎಸ್‌ಪಿಒ ಟ್ರೇಸರ್, ಅಂದರೆ ಆ ಕೋಶಗಳ ಟಿಎಸ್‌ಪಿಒ ಪ್ರೋಟೀನಿಗೆ ಅಂಟುವ ವಿಕಿರಣದ ಔಷಧ, ತರಿಸುವ ಹುಚ್ಚೂ ಹತ್ತಿತ್ತು. ಅವುಗಳಲ್ಲಿ ಹಳೆಯದಾದ ಪಿಕೆ11195ಗೆ ಹಾಕುವುದು ಕಾರ್ಬನ್-11, 20 ನಿಮಿಷಕ್ಕೇ ಅರ್ಧ. ಮೂರು ಗಂಟೆ ಅಂದರೆ ಒಂಬತ್ತು ಸಲ ಅರ್ಧ; ಐನೂರರಲ್ಲಿ ಒಂದು ಪಾಲು ಮೈಸೂರು ಸೇರೀತು. ಫ್ಲೋರಿನ್ ಹಾಕಿದ ಹೊಸವೂ ಇವೆ, ಆದರೆ ಎಷ್ಟು ಅಂಟುತ್ತವೆ ಅನ್ನುವುದು ರೋಗಿಯ ಜೀನ್ ಮೇಲೆ ನಿಂತಿದೆ. ರೋಗಿಗೊಂದು ಜೀನ್ ಟೆಸ್ಟ್, ಅದಕ್ಕೊಂದು ಬಿಲ್. ಆ ಫೈಲ್ ಸದ್ಯ ಹಾಟ್ ಲ್ಯಾಬ್‌ನ (ವಿಕಿರಣದ ಔಷಧ ಇಡುವ ಕೋಣೆ) ಕಪಾಟಿನ ಮೇಲಿದೆ.