ದುಡಿಯುವ ತೋಟದಲ್ಲೇ ಪಾಲು ಪಡೆಯುವ ಬಗೆ: ಕೊಡಗಿನ ಯುವ ಕೃಷಿಕರಿಗೆ

ಸಂಬಳದ ಉಳಿತಾಯದಿಂದ ಕಾಫಿ ತೋಟ ಕೊಳ್ಳುವುದು ಕೊಡಗಿನ ಯುವ ಕೃಷಿಕರಿಗೆ ಇಂದು ಬಹುಮಟ್ಟಿಗೆ ಕೈಗೆಟುಕದ ಮಾತು. ಇತ್ತ, ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿರುವುದರಿಂದ, ಮುಂದೆ ತೋಟ ನೋಡಿಕೊಳ್ಳುವವರು ಯಾರೆಂದು ಚಿಂತಿಸುವ ಹಿರಿಯ ಬೆಳೆಗಾರರೂ ಇದ್ದಾರೆ. ಇಬ್ಬರಿಗೂ ಒದಗಬಲ್ಲ ದಾರಿ ಬಂಡವಾಳ ಪಾಲುದಾರಿಕೆ. ನ್ಯೂಜಿಲೆಂಡಿನ ಹೈನುಗಾರಿಕೆಯಲ್ಲಿ ರೂಢಿಯಲ್ಲಿರುವ ಈ ಕ್ರಮದಲ್ಲಿ ಕಿರಿಯರು ಸಣ್ಣ ಮೊತ್ತ ಹೂಡಿ, ವ್ಯವಹಾರ ನಡೆಸುತ್ತ, ಕ್ರಮೇಣ ತಮ್ಮ ಪಾಲನ್ನು ಹೆಚ್ಚಿಸಿಕೊಳ್ಳುತ್ತಾರೆ.

ಮಾತುಕತೆಗೆ ಮೊದಲು ಪಹಣಿ, ಸರ್ವೆ ನಕ್ಷೆ ಮತ್ತು ಋಣಭಾರ ಪ್ರಮಾಣಪತ್ರವನ್ನು ನೋಡಬೇಕು. ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಹೊಂದಿರುವ ಜಮ್ಮಾ ಜಮೀನಾದರೆ ಕುಟುಂಬದ ಮುಖ್ಯಸ್ಥರಾದ ಪಟ್ಟೇದಾರರೊಬ್ಬರ ಒಪ್ಪಿಗೆ ಸಾಲದು. ಒಕ್ಕದ, ಅಂದರೆ ಆ ಮನೆತನದ, ಹಕ್ಕುದಾರರೆಲ್ಲರ ಲಿಖಿತ ಸಮ್ಮತಿ ಪಡೆಯುವುದೇ ಕ್ಷೇಮ. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ, ಗೇಣಿದಾರರಿಗೆ ಭೂಮಿಯ ಒಡೆತನ ಸಿಗುವಂತೆ ಮಾಡಿದ ತಿದ್ದುಪಡಿಯ ನಂತರ ಗೇಣಿಯೆಂದರೆ ಜಮೀನುದಾರರು ಅಂಜುವುದು ಸಹಜ. ಆದ್ದರಿಂದ ಪಾಲುದಾರಿಕೆ ಪತ್ರವು ಗೇಣಿ ಕರಾರಿನಂತೆ ಕಾಣದ ಹಾಗೆ, ಭೂಮಿ ಪಾಲುದಾರಿಕೆಯ ಆಸ್ತಿಯಾಗುತ್ತದೆಯೇ ಅಥವಾ ಹಿರಿಯರ ಸ್ವಂತದ್ದಾಗಿಯೇ ಉಳಿಯುತ್ತದೆಯೇ ಎಂಬುದನ್ನು ವಕೀಲರಿಂದ ಸ್ಪಷ್ಟವಾಗಿ ಬರೆಸಿ. ಸ್ವಂತದ್ದಾಗಿ ಉಳಿದರೆ ನಿಮ್ಮ ಪಾಲು ಬೆಳೆಯ ವ್ಯವಹಾರದಲ್ಲಿ ಮಾತ್ರ. ಭೂಮಿಯ ಒಡೆತನಕ್ಕೆ ಬೇರೆ ಕರಾರು ಬೇಕು.

ಪಾಲು ಬೆಳೆಯುವ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಒಟ್ಟು ಬಂಡವಾಳ 40 ಲಕ್ಷ ರೂಪಾಯಿ, ಅದರಲ್ಲಿ ನಿಮ್ಮದು 4 ಲಕ್ಷ, ಅಂದರೆ ಶೇಕಡಾ 10 ಎಂದಿಟ್ಟುಕೊಳ್ಳೋಣ. ಸಂಬಳ ಕಳೆದು 10 ಲಕ್ಷ ಲಾಭ ಬಂದು, ಹಿರಿಯರು ತಮ್ಮ 9 ಲಕ್ಷವನ್ನು ತೆಗೆದುಕೊಂಡು, ನೀವು ನಿಮ್ಮ 1 ಲಕ್ಷವನ್ನು ಅಲ್ಲೇ ಬಿಟ್ಟರೆ, 41 ಲಕ್ಷದಲ್ಲಿ ನಿಮ್ಮದು 5 ಲಕ್ಷ, ಅಂದರೆ ಶೇಕಡಾ 12ಕ್ಕಿಂತ ಸ್ವಲ್ಪ ಹೆಚ್ಚು. ಇದು ನಿಧಾನದ ದಾರಿ. ಹಾಗಾಗಿ ನಿಗದಿತ ಸೂತ್ರದ ಬೆಲೆಗೆ ಪ್ರತಿವರ್ಷ ಒಂದಿಷ್ಟು ಪಾಲು ಕೊಳ್ಳುವ ಹಕ್ಕನ್ನು ಆರಂಭದಲ್ಲೇ ಕೇಳಿ ಪಡೆಯಬೇಕು. ಸಂಕೋಚದಿಂದ ಇದನ್ನು ಬಿಟ್ಟವರು ಕೊನೆಯವರೆಗೂ ಸಂಬಳದ ರೈಟರ್ (ತೋಟದ ಮೇಲ್ವಿಚಾರಕ) ಆಗಿಯೇ ಉಳಿಯುವ ಅಪಾಯವಿದೆ.

ಲಾಭ ಎಂದರೇನು ಎಂಬುದೂ ಮೊದಲೇ ತೀರ್ಮಾನವಾಗಲಿ. ರೋಬಸ್ಟಾ ತಳಿಯ ಕಾಫಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ, ಮಾರ್ಚ್ 31ರಂದು ಲೆಕ್ಕ ಮುಗಿಸುವಾಗ ಒಣಗಿದ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) 50 ಕಿಲೋ ಚೀಲಗಳಲ್ಲಿ ಗೋದಾಮಿನಲ್ಲೇ ಇರುತ್ತದೆ. ಆ ಚೀಲಗಳನ್ನು ಅಂದಿನ ದರಕ್ಕೆ ಲೆಕ್ಕ ಹಾಕುವುದೋ ಮಾರಿದ ಮೇಲೆ ಬಂದ ದರಕ್ಕೋ ಎಂಬುದೊಂದರಿಂದಲೇ ಆ ವರ್ಷದ ನಿಮ್ಮ ಪಾಲು ಗಣನೀಯವಾಗಿ ಬದಲಾಗಬಹುದು. ಕಾಳುಮೆಣಸು ಇದೇ ಲೆಕ್ಕಕ್ಕೆ ಸೇರುತ್ತದೆಯೇ, ನೀವು ನೆಡಿಸಿದ ಬಳ್ಳಿಗಳು ಫಸಲಿಗೆ ಬರುವ ಮೊದಲೇ ಹೊರನಡೆಯಬೇಕಾದರೆ ಆ ಖರ್ಚು ಯಾರದು ಎಂಬುದನ್ನೂ ಬರೆಯಿಸಿ.

1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ ಪಾಲುದಾರರೊಬ್ಬರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಅವಧಿ ನಿಗದಿಯಾಗದಿದ್ದರೆ ಯಾರೊಬ್ಬರೂ ನೋಟಿಸು ಕೊಟ್ಟು ಅದನ್ನು ಮುಗಿಸಬಹುದು. ವಯಸ್ಸಾದವರ ಜೊತೆಗಿನ ಒಪ್ಪಂದದಲ್ಲಿ ಇದಕ್ಕಿಂತ ಮುಖ್ಯವಾದ ಅಂಶ ಮತ್ತೊಂದಿಲ್ಲ. ಅವಧಿಯನ್ನು ನಮೂದಿಸಿ, ವಾರಸುದಾರರು ಒಪ್ಪಂದಕ್ಕೆ ಬದ್ಧರೆಂದು ಬರೆಯಿಸಿ, ಸಾಧ್ಯವಾದರೆ ಅವರ ಸಹಿಯನ್ನೂ ಪಡೆಯಿರಿ. ನೋಂದಣಿಯನ್ನು ಮುಂದೂಡಬೇಡಿ, ನೋಂದಣಿಯಾಗದ ಸಂಸ್ಥೆಯ ಪಾಲುದಾರರು ಒಪ್ಪಂದದ ಹಕ್ಕಿಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಬರುವುದಿಲ್ಲ.

ಬೇರೆಯಾಗುವ ಸಂದರ್ಭದಲ್ಲಿ ಬೆಲೆ ಕಟ್ಟುವವರು ಯಾರು, ಹಣ ಎಷ್ಟು ಕಂತುಗಳಲ್ಲಿ ಸಲ್ಲಬೇಕು, ಹಿರಿಯರ ಮಕ್ಕಳು ತೋಟ ಮಾರಲು ಹೊರಟರೆ ಕೊಳ್ಳುವ ಮೊದಲ ಅವಕಾಶ ನಿಮಗೆ ಎಷ್ಟು ದಿನಗಳವರೆಗೆ ಇರುತ್ತದೆ ಎಂಬುದು ಸಹಿಯಾಗುವ ಮೊದಲೇ ಪತ್ರದಲ್ಲಿ ಇರಬೇಕು.